ರಾಡಿಯ ಬಾಣಂತನ

ಕುರುಗೋಡು ರಸ್ತೆಯ ನಮ್ಮ ಕಾರ್ಖಾನೆಯ ಲ್ಯಾಬಿಗೆ ಹೊಸಬರು ಯಾರೇ ಸೇರಲಿ, ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ಬಾಗಿಲ ಪಕ್ಕದ ಕಪಾಟಿನಲ್ಲಿ ಉಪ್ಪಿನಕಾಯಿ ಬಾಟಲಿಗಳನ್ನು ಸಾಲಾಗಿ ಯಾಕೆ ಇಟ್ಟಿದ್ದೀರಿ? ಒಂದೊಂದರಲ್ಲೂ ಅಂಗಳದ ಒಂದೊಂದು ರಾಶಿಯಿಂದ ತೆಗೆದ ಒಂದು ಹಿಡಿ ಕೆಂಪು ಮಣ್ಣು, ಅದರ ಮೇಲೆ ನೀರು, ಮುಚ್ಚಳದ ಮೇಲೆ ತಾರೀಖು. ನಲವತ್ತು ದಿನ ಆ ಬಾಟಲಿ ಅಲ್ಲೇ ಕೂರಬೇಕು. ಆಮೇಲೆ ಮೇಲಿನ ನೀರನ್ನು ಪರೀಕ್ಷೆ ಮಾಡಬೇಕು. ಸರಿ ಬಂದರೆ ಮಾತ್ರ ಆ ರಾಶಿ ಲಾರಿ ಹತ್ತಬೇಕು, ಇಲ್ಲದಿದ್ದರೆ ಮತ್ತೆ ತೊಳೆಯಲು ಹೋಗಬೇಕು. ಕಾರ್ಖಾನೆಯವರು ಇದನ್ನು ಬಾಣಂತನ ಎನ್ನುತ್ತಾರೆ. "ಆ ರಾಶಿ ಇನ್ನಾ ಬಾಣಂತನದಾಗ ಐತಿ, ಮುಟ್ಟಬ್ಯಾಡ್ರಿ" ಎಂದು ಲೋಡರ್ ಓಡಿಸುವವನೂ ಹೇಳುತ್ತಾನೆ.

ಈ ಬಾಣಂತನವನ್ನು ಶುರು ಮಾಡಿದವಳು ನಾನು. ನಿವೃತ್ತಳಾಗಿ ಗಾಂಧಿನಗರದ ಮನೆಯಲ್ಲಿ ಕಾಲು ಚಾಚಿ ಕುಳಿತಿದ್ದಾಗ ಈಗಿನ ಲ್ಯಾಬ್ ಇನ್‌ಚಾರ್ಜ್ ಫೋನ್ ಮಾಡಿದ. "ಮೇಡಂ, ನಲವತ್ತು ದಿನ ಅಂದ್ರ ಭಾಳ ಆತ್ರಿ. ರಾಶಿ ಇಡಾಕ ಜಾಗ ಇಲ್ಲ. ನಾಕು ದಿನಕ್ಕ ಇಳಿಸಿದ್ರ ಹೆಂಗ್ರಿ?" ಎಂದ. ಅವನಿಗೆ ನಾನು ಅಂದದ್ದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ. ಹಾಕಬಹುದಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಯಾರಿಗಾದರೂ ಸಿಟ್ಟು ಬಂದರೆ ಬರಲಿ. ಈ ವಯಸ್ಸಿನಲ್ಲಿ ನನಗೆ ಮೆಮೊ ಕೊಡುವವರು ಯಾರೂ ಇಲ್ಲ.

ಮೊದಲು ರಾಡಿಯ ವಿಚಾರ. ಬಾಕ್ಸೈಟ್ ಅದಿರನ್ನು ಅರೆದು, ಕಾಸ್ಟಿಕ್ ಸೋಡಾದಲ್ಲಿ ಒತ್ತಡ ಹಾಕಿ ಬೇಯಿಸಿದರೆ ಅಲ್ಯೂಮಿನಾ ಕರಗಿ ಬೇರೆಯಾಗುತ್ತದೆ. ಅದರಿಂದಲೇ ನಿಮ್ಮ ಮನೆಯ ಅಲ್ಯೂಮಿನಿಯಂ ಪಾತ್ರೆ, ಕಿಟಕಿ ಚೌಕಟ್ಟು ಎಲ್ಲ. ಕರಗದೆ ಉಳಿದದ್ದು ಕೆಂಪು ಕೆಸರು. ಪುಸ್ತಕದವರು ರೆಡ್ ಮಡ್ ಎನ್ನುತ್ತಾರೆ, ನಾವು ರಾಡಿ ಎನ್ನುತ್ತೇವೆ. ಅದರಲ್ಲಿ ಕಬ್ಬಿಣ ಬೇಕಾದಷ್ಟಿದೆ, ಟೈಟಾನಿಯಂ ಇದೆ, ಬಿಟ್ಟುಹೋದ ಅಲ್ಯೂಮಿನಾ ಇದೆ, ಚಿಟಿಕೆಯಷ್ಟು ವನಾಡಿಯಂ, ಗ್ಯಾಲಿಯಂ, ಸ್ಕ್ಯಾಂಡಿಯಂ ಕೂಡ ಇವೆ. ಇವೆಲ್ಲದರ ಜೊತೆಗೆ ಎಷ್ಟು ತೊಳೆದರೂ ಬಿಡದ ಸೋಡಾ ಇದೆ. ಈ ಸೋಡಾಕ್ಕೆ ಹೆದರಿಯೇ ಲೋಕದವರೆಲ್ಲ ರಾಡಿಯನ್ನು ದೊಡ್ಡ ದೊಡ್ಡ ಹೊಂಡಗಳಲ್ಲಿ ತುಂಬಿಸಿ, ಸುತ್ತ ಬೇಲಿ ಹಾಕಿ, ಅತ್ತ ಮುಖ ಮಾಡದೆ ಇದ್ದುಬಿಟ್ಟಿದ್ದಾರೆ.

ಕಸ ಎಂದವರ ಜೊತೆ ನಾನು ಸೇವೆಯುದ್ದಕ್ಕೂ ಜಗಳವಾಡಿದ್ದೇನೆ. ಇಷ್ಟೆಲ್ಲ ಲೋಹ ಇರುವುದನ್ನು ಕಸ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನಮ್ಮ ಸೀಮೆಯಲ್ಲಿ ರಾಡಿ ಹುಟ್ಟುವುದಿಲ್ಲ, ದೂರದ ಅಲ್ಯೂಮಿನಾ ಕಾರ್ಖಾನೆಯಿಂದ ರೈಲಿನಲ್ಲಿ ಬರುತ್ತಿತ್ತು. ಅದಿರು ಸುಟ್ಟು ಕಬ್ಬಿಣ ಮಾಡುವ, ನಿಂತುಹೋಗಿದ್ದ ಒಂದು ಸ್ಪಾಂಜ್ ಐರನ್ ಘಟಕವನ್ನು ಕೊಂಡುಕೊಂಡು, ಅದರ ಕಿಲ್ನ್‌ನಲ್ಲಿ ರಾಡಿಯಿಂದ ಕಬ್ಬಿಣ ತೆಗೆಯಲು ಹೊರಟಿದ್ದರು ನಮ್ಮ ಮಾಲೀಕರು. ಬಸ್ಸಿನಲ್ಲಿ ಪಕ್ಕ ಕೂತವರು ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಕೇಳಿ ನಗುತ್ತಿದ್ದರು. "ಸುತ್ತ ಅದಿರಿನ ಗುಡ್ಡ ಇಟ್ಕೊಂಡು ಯಾರದೋ ಊರಿನ ರಾಡಿ ತರಿಸ್ತೀರಲ್ರಿ, ಹೊಟ್ಟಿಗೆ ಏನ್ ತಿಂತೀರಿ ನೀವು?" ಎಂದು ಒಬ್ಬರು ಮುಖಕ್ಕೇ ಕೇಳಿದ್ದರು. "ಗುಡ್ಡ ತಿಂದು ಸಾಕಾಗೈತ್ರಿ, ಅದಕ್ಕ" ಎಂದೆ. ಆಮೇಲೆ ಅವರು ಕುರುಗೋಡು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಮ್ಯಾನೇಜರ್ ಶ್ರೀನಿವಾಸುಲು. ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಸಂದರ್ಶನದಲ್ಲಿ ನನ್ನ ಸರ್ಟಿಫಿಕೇಟುಗಳನ್ನು ತಿರುವಿ ಹಾಕಿ, "ಇಂದಿರಮ್ಮ, ಕಿಲ್ನ್ ಮ್ಯಾಲ ಹತ್ತಾಕ ಆಕೈತೇನಮ್ಮ ನಿಮಗ?" ಎಂದು ಕೇಳಿದರು. "ನಿಮಗ ಆಕೈತೇನ್ರಿ ಸಾರ್?" ಎಂದೆ. ಅವರದು ದೊಡ್ಡ ಹೊಟ್ಟೆ. ನಕ್ಕು ಕೆಲಸ ಕೊಟ್ಟರು. ಕೆಟ್ಟವರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ತುಂಬ ಹೇಳುವುದಿದೆ.

ಕಿಲ್ನ್ ಎಂದರೆ ಕಬ್ಬಿಣದ ಉದ್ದನೆಯ ಕೊಳವೆ. ಒಳಗೆ ಬೆಂಕಿ ಇಟ್ಟಿಗೆ, ಸ್ವಲ್ಪ ಓರೆಯಾಗಿ ಮಲಗಿ ನಿಧಾನಕ್ಕೆ ಉರುಳುತ್ತಿರುತ್ತದೆ. ಒಣಗಿಸಿದ ರಾಡಿಗೆ ಕಲ್ಲಿದ್ದಲ ಪುಡಿ ಸೇರಿಸಿ ಉಂಡೆ ಕಟ್ಟಿ ಒಂದು ತುದಿಯಿಂದ ಹಾಕಿದರೆ, ಇನ್ನೊಂದು ತುದಿಯಿಂದ ಕಬ್ಬಿಣವಾಗಿ ಬರಬೇಕು. ಅದನ್ನು ಪುಡಿ ಮಾಡಿ ಅಯಸ್ಕಾಂತದ ಡ್ರಮ್ಮಿಗೆ ಕೊಟ್ಟರೆ ಕಬ್ಬಿಣ ಅಂಟಿಕೊಳ್ಳುತ್ತದೆ, ಉಳಿದದ್ದು ಕೆಳಗೆ ಬೀಳುತ್ತದೆ. ಕಾಗದದ ಮೇಲೆ ಇಷ್ಟೇ.

ಕಿಲ್ನ್ ನೋಡಿಕೊಳ್ಳುತ್ತಿದ್ದವರು ಫೋರ್‌ಮನ್ ಹುಸೇನ್ ಸಾಬ್. ಅದಿರು ಸುಟ್ಟು ಸುಟ್ಟು ಹಣ್ಣಾದ ಮನುಷ್ಯ. ಮೀಟರುಗಳನ್ನು ನೋಡುವುದಕ್ಕಿಂತ ಕೊಳವೆಯ ಸದ್ದು ಕೇಳಿ ಹೇಳುವುದೇ ಹೆಚ್ಚು. ನಾವು ರಾಡಿ ಹಾಕಿದ ಐದನೇ ದಿನ ಅವರು ಲ್ಯಾಬಿಗೆ ಬಂದು ಬಾಗಿಲಲ್ಲೇ ನಿಂತರು.

"ಅಕ್ಕಾರೆ, ನನ್ನ ಕೊಳವಿಗೆ ಏನ್ ತಿನಿಸೀರಿ? ಗಂಟಲ ಕಟ್ಟೈತಿ ಅದಕ್ಕ."

ಕಿಲ್ನ್ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಒಳಗೆ ಹೋಗಿ ನೋಡಿದರೆ ಗೋಡೆಯ ಸುತ್ತ ಬಳೆಯಂತೆ ದಪ್ಪಗೆ ಕಟ್ಟಿಕೊಂಡಿತ್ತು. ಅದಿರು ಸುಡುವಾಗಲೂ ಇಂಥ ರಿಂಗ್ ಬೀಳುವುದುಂಟು, ಆದರೆ ತಿಂಗಳುಗಟ್ಟಲೆ ಓಡಿದ ಮೇಲೆ. ನಮ್ಮದು ಐದೇ ದಿನಕ್ಕೆ ಬಿದ್ದಿತ್ತು. ತಲೆಗೆ ಹೆಲ್ಮೆಟ್ ಹಾಕಿಕೊಂಡು ಬ್ಯಾಟರಿ ಹಿಡಿದು ನಾನೇ ಒಳಗೆ ಹೋಗಿ ತುಂಡು ಒಡೆದು ತಂದೆ. ಅದರಲ್ಲಿ ಸೋಡಾ ತುಂಬಿತ್ತು. ಸೋಡಾ ಇದ್ದರೆ ಮಣ್ಣು ಬೇಗ ಕರಗಿ ಅಂಟಾಗುತ್ತದೆಂದು ಕಾಲೇಜಿನಲ್ಲೇ ಓದಿದ್ದೆ. ಓದಿದ್ದು ಪರೀಕ್ಷೆಯಲ್ಲಿ ಬರೆಯಲು ನೆನಪಿತ್ತು, ಕಿಲ್ನ್‌ಗೆ ಹಾಕುವಾಗ ನೆನಪಾಗಲಿಲ್ಲ. ಹುಸೇನ್ ಸಾಬರಿಗೆ ತುಂಡು ತೋರಿಸಿ ತಪ್ಪು ನನ್ನದು ಎಂದೆ, ಅವರು ಬೈದರು. ಆಮೇಲೆ ಹದಿನೈದು ಜನ ಕಬ್ಬಿಣದ ಸಲಾಕೆ ಹಿಡಿದು ಆ ರಿಂಗ್ ಒಡೆಯುವಷ್ಟು ದಿನವೂ ನಾನು ಹುಸೇನ್ ಸಾಬರ ಎದುರಿಗೆ ಹೋಗದೆ ಹಿಂದಿನ ಬಾಗಿಲಿನಿಂದ ಓಡಾಡಿದೆ. ಅಂದಿನಿಂದ ರಾಡಿಯನ್ನು ಸುಡುವ ಮೊದಲು ಸುಣ್ಣದ ನೀರಿನಲ್ಲಿ ಬಿಸಿ ಮಾಡಿ ಸೋಡಾ ಬಿಡಿಸುವ ಪದ್ಧತಿ ಬಂತು. ಬಿಟ್ಟ ಸೋಡಾ ವಾಪಸ್ ಉಪಯೋಗಕ್ಕೂ ಬಂತು.

ಪರೀಕ್ಷೆ ಮಾಡುವ ಕ್ರಮವೂ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಕಬ್ಬಿಣದ ಪ್ರಮಾಣ ಗೊತ್ತಾಗಬೇಕಾದರೆ ಮಾದರಿಯನ್ನು ಆಮ್ಲದಲ್ಲಿ ಕರಗಿಸಿ, ಬ್ಯೂರೆಟ್ಟಿನಿಂದ ಹನಿ ಹನಿ ಬಿಡಬೇಕು. ಹಸಿರು ಇದ್ದದ್ದು ಒಂದೇ ಹನಿಗೆ ನೇರಳೆಯಾಗುತ್ತದೆ. ಆ ಒಂದು ಹನಿಗಾಗಿ ಉಸಿರು ಬಿಗಿಹಿಡಿದು ಎಷ್ಟು ಸಲ ನಿಂತಿದ್ದೇನೋ. ಆಮೇಲೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಬಂತು. ಎಲ್ಲರೂ ಅದನ್ನು ಗನ್ನು ಎನ್ನುತ್ತಿದ್ದರು. ರಾಶಿಗೆ ಮೂತಿ ಇಟ್ಟು ಕುದುರೆ ಒತ್ತಿದರೆ ಕಬ್ಬಿಣ ಇಷ್ಟು, ಟೈಟಾನಿಯಂ ಇಷ್ಟು ಎಂದು ಪಟಪಟ ಬರುತ್ತಿತ್ತು. ಒಬ್ಬ ಕೆಮಿಸ್ಟ್ ಒಂದು ತಿಂಗಳ ವರದಿಯಲ್ಲಿ ಸೋಡಾ ಇಲ್ಲವೇ ಇಲ್ಲ ಎಂದು ಬರೆದುಕೊಟ್ಟ. ನನಗೆ ತಲೆ ಕೆಟ್ಟಿತು. ಸೋಡಿಯಂ ಹಗುರ ಧಾತು, ಆ ಗನ್ನಿಗೆ ಅದು ಕಾಣುವುದೇ ಇಲ್ಲ. ಯಂತ್ರ ಕಾಣಲಿಲ್ಲ ಎಂದದ್ದನ್ನು ಹುಡುಗ ಇಲ್ಲ ಎಂದು ಬರೆದಿದ್ದ. ಹೊಸಬರೇ, ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ತಿಳಿಯದಿದ್ದರೆ ನೀವು ಲ್ಯಾಬಿನಲ್ಲಿ ಇರಬಾರದು.

ನೋಡಲು ಬರುವ ದೊಡ್ಡವರ ಕಾಟವೂ ಇತ್ತು. ಯಾರಿಗೂ ಕಬ್ಬಿಣ ಬೇಡ, ಎಲ್ಲರಿಗೂ ಚಿನ್ನದಂಥ ಬೆಲೆಯ ಸ್ಕ್ಯಾಂಡಿಯಂ ಬೇಕು. ತಿಂಗಳಾನುಗಟ್ಟಲೆ ಆಮ್ಲದಲ್ಲಿ ಕರಗಿಸಿ, ಸೋಸಿ, ಮತ್ತೆ ಕರಗಿಸಿ ನಾವು ತೆಗೆದ ಬಿಳಿ ಪುಡಿ ಮೂಗಿಗೆ ಏರಿಸುವ ನಶ್ಯದಷ್ಟೂ ಇರಲಿಲ್ಲ. ಅದನ್ನು ಚಿಕ್ಕ ಶೀಷೆಯಲ್ಲಿಟ್ಟು ಬಂದವರ ಕೈಗೆ ಕೊಟ್ಟು ಫೋಟೊ ತೆಗೆಸುತ್ತಿದ್ದರು ಶ್ರೀನಿವಾಸುಲು. ಒಬ್ಬರು ಸೀನಿ, ಅರ್ಧ ಪುಡಿ ಅವರ ಟೈ ಮೇಲೆ ಹೋಯಿತು. ನಾನು ನಗು ತಡೆಯಲಾರದೆ ಹೊರಗೆ ಹೋದೆ. ಗಾಜಿನ ಲೋಟದಲ್ಲಿ ಯಾವ ಲೋಹವನ್ನು ಬೇಕಾದರೂ ತೆಗೆಯಬಹುದು. ಕಷ್ಟ ಇರುವುದು ತೆಗೆದ ಮೇಲೆ ಉಳಿಯುವ ಬೆಟ್ಟದಂಥ ರಾಶಿಯನ್ನು ಎಲ್ಲಿಡಬೇಕು ಎನ್ನುವುದರಲ್ಲಿ.

ನನ್ನ ದೊಡ್ಡ ತಪ್ಪು ನಡೆದದ್ದು ಇದೇ ರಾಶಿಯ ವಿಷಯದಲ್ಲಿ.

ಕಬ್ಬಿಣ ತೆಗೆದ ಮೇಲೆ ಉಳಿದ ಮಣ್ಣಿನಲ್ಲಿ ಅದೇ ಸೋಡಾದ ಕ್ಷಾರ ಇನ್ನೂ ಸ್ವಲ್ಪ ಇರುತ್ತಿತ್ತು. ಅದಕ್ಕೆ ತೆಳುವಾದ ಆಮ್ಲ ಹಾಕಿ ಕಲಸಿ ತೊಳೆದರೆ ಕ್ಷಾರ ಸಾಯುತ್ತದೆ ಎಂದು ನಾನೇ ವಿಧಾನ ಬರೆದೆ. ಪಿಎಚ್ ಅಳೆದರೆ ಎಂಟರ ಒಳಗೆ ಬಂತು, ಹೆಚ್ಚುಕಡಿಮೆ ಕುಡಿಯುವ ನೀರಿನಷ್ಟು. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ನಾನು ಕುಣಿಯುವುದೊಂದು ಬಾಕಿ. ಕಸ ಕಸ ಎಂದವರ ಬಾಯಿ ಮುಚ್ಚಿಸಿದೆ ಎಂಬ ಜಂಬ ತಲೆಗೆ ಏರಿತ್ತು. ಆ ಮಣ್ಣು ರೋಲರ್ ಹೊಡೆದರೆ ಸಿಮೆಂಟಿನಂತೆ ಗಟ್ಟಿಯಾಗುತ್ತಿತ್ತು. ಹೊಲದ ದಾರಿಗೆ ಹಾಕಲು ಯೋಗ್ಯ ಎಂದು ಸರ್ಟಿಫಿಕೇಟ್ ಬರೆದು ಸಹಿ ಹಾಕಿದೆ.

ಮೊದಲು ಕೇಳಿಕೊಂಡು ಬಂದವರು ಸಿರುಗುಪ್ಪ ತಾಲೂಕಿನ ದೇಶನೂರಿನ ಎರ‍್ರಿಸ್ವಾಮಿ. ಕಾಲುವೆ ನೀರಿನ ನೆಲ್ಲು ಬೆಳೆಯುವ ಗಟ್ಟಿ ಕುಳ. ಅವರ ಗದ್ದೆಗಳ ನಡುವಿನ ದಾರಿ ಎರೆಮಣ್ಣಿನದು, ಮಳೆ ಬಂದರೆ ಟ್ರ್ಯಾಕ್ಟರ್ ಅಚ್ಚಿನ ತನಕ ಹೂತುಕೊಳ್ಳುತ್ತಿತ್ತು. ಲ್ಯಾಬಿಗೇ ಬಂದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಕೇಳಿದರು.

"ಅಕ್ಕಾರೆ, ಇದು ಗದ್ದಿ ಬಾಜೂಕ ಬೀಳೂದು. ನೆಲ್ಲಿಗೆ ಏನೂ ಆಗೂದಿಲ್ಲಲ್ಲ?"

"ಏನೂ ಆಗೂದಿಲ್ರಿ. ನಾನ ಸೈ ಹಾಕೀನಿ" ಎಂದೆ.

"ಮತ್ತ ಮುಗೀತು ಬಿಡ್ರಿ" ಎಂದು ಅವರು ಲಾರಿ ತುಂಬಿಸಿದರು.

ದಾರಿ ಚೆಂದ ಆಯಿತು. ಊರವರು ಬಂದು ಅದರ ಮೇಲೆ ಬೈಕ್ ಓಡಿಸಿ ನೋಡಿದರಂತೆ. ಒಂದೂವರೆ ತಿಂಗಳು ಕಳೆದ ಮೇಲೆ ಎರ‍್ರಿಸ್ವಾಮಿಯವರ ಫೋನ್ ಬಂತು. ದಾರಿಗೆ ಅಂಟಿಕೊಂಡ ಸಾಲುಗಳಲ್ಲಿ ನೆಲ್ಲು ಹಳದಿ ಬಿದ್ದು ತುದಿ ಒಣಗುತ್ತಿತ್ತು. "ದಾರಿ ಅಂಚಿನ ನೀರು ಮುಟ್ಟಿದ್ರ ಕೈಗೆ ಸಬಕಾರ ಹಚ್ಚಿದಂಗ ಜಾರ್ತೈತಿ ಅಕ್ಕಾರೆ. ಏನಿದು?" ಎಂದರು.

ಜಾರುತ್ತದೆ ಎಂದ ಕೂಡಲೇ ನನಗೆ ಗೊತ್ತಾಯಿತು. ಕ್ಷಾರ ಕೈಗೆ ತಾಕಿದರೆ ಜಾರುತ್ತದೆ, ರಾಡಿಯಲ್ಲಿ ಕೆಲಸ ಮಾಡಿದವರ ಬೆರಳಿಗೆ ಅದು ಗೊತ್ತು. ಆದರೆ ಕ್ಷಾರವನ್ನು ನಾನು ಕೊಂದಿದ್ದೆನಲ್ಲ? ಆ ರಾಶಿಯಿಂದ ತೆಗೆದಿಟ್ಟ ಮಾದರಿಯೊಂದು ಕಿಟಕಿಯ ಮೇಲೆ ಉಳಿದಿತ್ತು. ಯಾರೋ ತೊಳೆಯಲು ಸೋಮಾರಿತನ ಮಾಡಿ ನೀರು ಸಮೇತ ಅಲ್ಲೇ ಬಿಟ್ಟಿದ್ದರು. ಅಳೆದೆ. ಹತ್ತೂವರೆ ತೋರಿಸಿತು. ಮೀಟರ್ ಕೆಟ್ಟಿದೆ ಎಂದು ಬೇರೆ ಮೀಟರಿನಲ್ಲಿ ಅಳೆದೆ. ಹತ್ತೂವರೆಯೇ. ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ.

ಆದದ್ದು ಇಷ್ಟು. ಆಮ್ಲ ಹಾಕಿದಾಗ ಸತ್ತದ್ದು ಹೊರಗಿನ ಕ್ಷಾರ ಮಾತ್ರ. ಒಂದು ಪಾಲು ಕಣಗಳ ಒಳಗೆ ಕೂತಿರುತ್ತದೆ, ನೀರು ತಾಕಿದ ಹಾಗೆಲ್ಲ ದಿನಕ್ಕೆ ಇಷ್ಟಿಷ್ಟೇ ಹೊರಗೆ ಬರುತ್ತದೆ. ಅಂದೇ ಅಳೆದರೆ ಸಾಧು, ನಲವತ್ತು ದಿನ ಬಿಟ್ಟು ಅಳೆದರೆ ಅದರ ನಿಜರೂಪ. ರಾಡಿಯ ಗುಣ ಬಲ್ಲವರು ಯಾರೂ ಈ ತಪ್ಪು ಮಾಡಬಾರದು. ನಾನು ಮಾಡಿದೆ, ಹೆಮ್ಮೆಯಿಂದ ಮಾಡಿದೆ.

ಎರಡೂ ಅಂಕಿ ಬರೆದುಕೊಂಡು ಶ್ರೀನಿವಾಸುಲು ಅವರ ಕೋಣೆಗೆ ಹೋದೆ. ಅವರು ಬಾಗಿಲು ಹಾಕಿಕೊಂಡು ಕೇಳಿದರು. ಕೇಳಿ, ಮೇಜಿನ ಮೇಲಿದ್ದ ನನ್ನ ಹಳೆಯ ಸರ್ಟಿಫಿಕೇಟನ್ನು ನನ್ನ ಕಡೆ ಸರಿಸಿದರು.

"ಸೋಮವಾರ ದೇಶನೂರಿಗೆ ಹೋಗೋಣ ಇಂದಿರಮ್ಮ. ಜನರ ಮುಂದ ಇದನ್ನ ಓದ್ರಿ, ಸಾಕು. ಸುಳ್ಳು ಹೇಳ್ರಿ ಅಂತ ನಾನೇನು ಅನ್ನಾಕತ್ತಿಲ್ಲ. ನೀವ ಅಳದದ್ದು, ನೀವ ಬರದದ್ದು. ಗೊಬ್ಬರ ಹೆಚ್ಚಾಗೇತಿ ಅಂತ ನಾನು ಹೇಳ್ತೀನಿ."

"ಎರಡನೇ ಅಂಕಿ, ಸಾರ್?"

"ಅದನ್ನ ಯಾರು ಕೇಳ್ಯಾರ ನಿಮಗ?"

ಅವರ ಬುದ್ಧಿವಂತಿಕೆಗೆ ನಾನು ಇಂದಿಗೂ ತಲೆದೂಗುತ್ತೇನೆ. ನಿಜವಾದ ಅಂಕಿಯನ್ನೇ ಹಿಡಿದುಕೊಂಡು ಸುಳ್ಳು ಹೇಳಿಸಲು ಹೊರಟಿದ್ದರು. ಆಮೇಲೆ ಅವರ ದನಿ ಇಳಿಯಿತು. "ನೋಡಮ್ಮ, ರಾಡಿ ವಿಷ ಅಂತ ಒಂದ್ ಸಲ ಊರಾಗ ಮಾತು ಬಿದ್ರ ಈ ಕಾರ್ಖಾನಿ ಇರೂದಿಲ್ಲ. ನೀವು ಇಷ್ಟು ವರ್ಷ ಬಡದಾಡಿದ್ದೆಲ್ಲಾ ನೀರಾಗ ಹೋಗ್ತೈತಿ. ಹುಸೇನ್ ಸಾಬಗ ಈ ವಯಸ್ಸಿನಾಗ ಯಾರು ಕೆಲಸ ಕೊಡ್ತಾರ?" ಎಂದರು.

ಅದು ನನ್ನ ಎದೆಗೇ ತಾಕಿತು. ಸುಳ್ಳಾಡುವುದಿಲ್ಲ. ಸೋಮವಾರದವರೆಗಿನ ಆ ಮೂರು ದಿನ ನಾನು ಓದಿಬಿಡೋಣ ಎಂದೂ ಯೋಚಿಸಿದ್ದೇನೆ. ರಾಡಿಯನ್ನು ಪ್ರೀತಿಸಿದವಳು ನಾನು. ಅದಕ್ಕೆ ಕೆಟ್ಟ ಹೆಸರು ತರುವವಳೂ ನಾನೇ ಆಗಬೇಕೇ? ಹುಸೇನ್ ಸಾಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕಿಲ್ನ್ ಕಡೆ ಕಿವಿ ಕೊಟ್ಟುಕೊಂಡೇ ಕೇಳಿದರು.

"ನನ್ನ ನೌಕರಿ ಲೆಕ್ಕಕ್ಕ ಹಿಡೀಬ್ಯಾಡ್ರಿ ಅಕ್ಕಾರೆ. ರಿಂಗ್ ಬಿದ್ದಾಗ ಬೈದಿದ್ದೆ ನಿಮಗ. ಆದ್ರ ನೀವ ಒಳಗ ಹೋಗಿ ತುಂಡು ತಂದು ಇದು ನನ್ನ ತಪ್ಪು ಅಂದ್ರಿ. ಅದಕ್ಕ ಆ ಕೊಳವಿ ಇವತ್ತೂ ತಿರಗಾಕತ್ತೈತಿ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಎಲ್ಲಾ ಮಣ್ಣಿಗೂ ಬಾಣಂತನ ಬೇಕಾಕೈತಿ. ನೀವು ಹಡದ ದಿನಾನ ಎಬ್ಬಿಸಿ ಗದ್ದಿಗೆ ಕಳಿಸಿಬಿಟ್ರಿ" ಎಂದು ನಕ್ಕರು. ಹೆಸರು ಹುಟ್ಟಿದ್ದು ಅಲ್ಲಿಂದ, ಬಾಟಲಿ ಇಡುವ ಕ್ರಮವೂ ಅಲ್ಲಿಂದಲೇ.

ಸೋಮವಾರ ದೇಶನೂರಿನ ಕಟ್ಟೆಯ ಮೇಲೆ ಜನ ಸೇರಿದ್ದರು. ಶ್ರೀನಿವಾಸುಲು ನಮಸ್ಕಾರ ಮಾಡಿ ಗೊಬ್ಬರದ ಮಾತು ತೆಗೆದರು, ಆಮೇಲೆ ನನ್ನ ಕಡೆ ತಿರುಗಿ ಸರ್ಟಿಫಿಕೇಟ್ ಕೊಟ್ಟರು. ನಾನು ಓದಿದೆ. ಎರ‍್ರಿಸ್ವಾಮಿ ಮುಂದೆ ಕೂತಿದ್ದರು.

"ಅದರಾಗಿನ ಸೈ ನಿಮ್ದನಾ ಅಕ್ಕಾರೆ?"

"ಹೌದ್ರಿ, ನಂದ. ಅಂಕಿನೂ ಖರೇ. ಆದ್ರ ಅದು ಲಾರಿ ತುಂಬಿದ ದಿನದ ಅಂಕಿ. ಈಗಿಂದು ನೋಡೋಣ ಬರ್ರಿ."

ಮೀಟರು ತಂದಿದ್ದೆ, ಚೀಲದಿಂದ ತೆಗೆಯಲಿಲ್ಲ. ಮೀಟರಿನ ಅಂಕಿಯನ್ನು ಅವರು ಯಾಕೆ ನಂಬಬೇಕು? ಒಂದು ಸಲ ನಂಬಿ ನೋಡಿದ್ದರಲ್ಲ. ಎರ‍್ರಿಸ್ವಾಮಿಯವರ ತಾಯಿ ಗಂಗಮ್ಮ ಹೆಂಗಸರ ಗುಂಪಿನಲ್ಲಿ ನಿಂತಿದ್ದರು. ಅವರ ಮನೆಯಿಂದ ಎರಡು ಸ್ಟೀಲ್ ಲೋಟ, ಒಂದು ಚಿಟಿಕೆ ಅರಿಶಿನ ತರಿಸಿದೆ. ಒಂದರಲ್ಲಿ ಕಾಲುವೆಯ ನೀರು, ಇನ್ನೊಂದರಲ್ಲಿ ದಾರಿಯ ಅಂಚಿನ ಗುಂಡಿಯ ನೀರು. ಗಂಗಮ್ಮನವರ ಕೈಯಿಂದಲೇ ಎರಡಕ್ಕೂ ಅರಿಶಿನ ಹಾಕಿಸಿದೆ. ಕಾಲುವೆಯ ನೀರು ಹಳದಿಯಾಗಿಯೇ ಇತ್ತು. ಗುಂಡಿಯ ನೀರು ನೋಡುನೋಡುತ್ತಿದ್ದಂತೆ ಕೆಂಪಾಯಿತು.

"ಯವ್ವಾ, ಆರತಿ ನೀರಾತಲ್ಲ ಇದು! ಸುಣ್ಣ ಯಾರು ಹಾಕಿದ್ರು?" ಎಂದರು ಗಂಗಮ್ಮ.

"ಯಾರೂ ಹಾಕಿಲ್ರಿ ಅಮ್ಮಾ. ಸುಣ್ಣದಂಥದ್ದ ಒಂದು ನಮ್ಮ ಮಣ್ಣಿನೊಳಗ ಅಡಗಿತ್ತು. ಈಗ ಹೊರಗ ಬರಾಕತ್ತೈತಿ. ನಾನು ಅವಸರಾ ಮಾಡಿ ಸೈ ಹಾಕಿದೆ. ನಿಮ್ಮ ನೆಲ್ಲು ಕೆಟ್ಟದ್ದು ಗೊಬ್ಬರದಿಂದ ಅಲ್ಲ, ನನ್ನಿಂದ."

ಅಲ್ಲಿದ್ದ ಒಬ್ಬೊಬ್ಬ ಹೆಂಗಸೂ ಅರಿಶಿನಕ್ಕೆ ಸುಣ್ಣ ಕಲಸಿ ಆರತಿಯ ನೀರು ಮಾಡಿದವಳೇ. ವಿವರಿಸುವ ಕೆಲಸವೇ ಉಳಿಯಲಿಲ್ಲ. ಗಂಡಸರು ಒಬ್ಬರ ಮೇಲೊಬ್ಬರು ಕೂಗಾಡಿದರು. ಒಬ್ಬ, "ಓದಿದಾಕಿ ಅಂತ ನಂಬಿದ್ವಿ, ನಮ್ಮ ತಲಿ ಮ್ಯಾಲ ಕಲ್ಲು ಹಾಕಿದಿ" ಎಂದ. ಬೈಸಿಕೊಂಡೆ. ಬೈಸಿಕೊಳ್ಳಲೆಂದೇ ಹೋದವಳು ನಾನು. ಎರ‍್ರಿಸ್ವಾಮಿ ಮಾತ್ರ ಕೂಗಲಿಲ್ಲ. ಕೆಂಪು ನೀರಿನ ಲೋಟವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಿಮ್ಮ ಮಣ್ಣು ನೀವು ಒಯ್ಯಿರಿ. ಒಂದು ಬುಟ್ಟಿನೂ ನನ್ನ ಹೊಲದಾಗ ಇರಬಾರದು" ಎಂದರು.

ವಾಪಸ್ ಬರುವಾಗ ಜೀಪಿನಲ್ಲಿ ಸಿರುಗುಪ್ಪ ದಾಟಿದ ಮೇಲೆ ಶ್ರೀನಿವಾಸುಲು, "ಅಯಿಪೋಯಿಂದಿ, ಮುಗೀತು. ಕಾರ್ಖಾನಿ ಬಾಗಲಾ ನೀವ ಹಾಕಿದ್ರಿ" ಎಂದರು. ಮರುದಿನ ನನಗೆ ಮೆಮೊ ಬಂತು. ಸಂಸ್ಥೆಯ ಹಿತಕ್ಕೆ ಧಕ್ಕೆ ತಂದ ನಡತೆಗೆ ವಿವರಣೆ ಕೊಡಬೇಕಂತೆ. ನಾನು ಎರಡೂ ಅಂಕಿ ಬರೆದು, ಅರಿಶಿನದ ಪರೀಕ್ಷೆಯನ್ನೂ ಬರೆದು, ಇದೇ ನನ್ನ ವಿವರಣೆ, ಬೇಕಾದರೆ ನೀವೂ ಮಾಡಿ ನೋಡಬಹುದು ಎಂದು ಕಳಿಸಿದೆ. ಮಣ್ಣು ವಾಪಸ್ ತರಿಸಲು ಲಾರಿ ಕೇಳಿದರೆ ಕೊಡಲಿಲ್ಲ. ವಾಪಸ್ ತೆಗೆದುಕೊಂಡರೆ ತಪ್ಪು ಒಪ್ಪಿಕೊಂಡಂತೆ ಎಂದು ಮೇಲಿನವರ ಅಭಿಪ್ರಾಯ. ಒಪ್ಪಿಕೊಂಡಾಗಿದೆ ಎಂದರೂ ಅವರ ಕಿವಿಗೆ ಬೀಳಲಿಲ್ಲ.

ಎರ‍್ರಿಸ್ವಾಮಿ ಲಾರಿಗೆ ಕಾಯುವ ಆಳಲ್ಲ. ವಾರದೊಳಗೆ ದಾರಿಯನ್ನು ತಾವೇ ಅಗೆಸಿ, ಊರವರ ಟ್ರ್ಯಾಕ್ಟರುಗಳನ್ನು ಸೇರಿಸಿಕೊಂಡು, ಮಣ್ಣು ತುಂಬಿಸಿ ನೇರ ನಮ್ಮ ಗೇಟಿಗೆ ತಂದರು. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಗೇಟಿನಿಂದ ಕುರುಗೋಡು ರಸ್ತೆಯ ತನಕ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತಿದ್ದವು. ಗೇಟ್ ಕಾಯುವ ಪಂಪಣ್ಣ ಕೀಲಿ ಹಾಕಿಕೊಂಡು ಒಳಗೆ ನಿಂತಿದ್ದ. ಅವನಿಗೆ ಒಂದು ಟ್ರ್ಯಾಕ್ಟರೂ ಒಳಗೆ ಬರಬಾರದೆಂದು ಹುಕುಂ ಆಗಿತ್ತು.

ಸದ್ದು ಕೇಳಿ ನಾನು ಲ್ಯಾಬಿನಿಂದ ಓಡಿ ಬಂದೆ. ಎರ‍್ರಿಸ್ವಾಮಿ ಮೊದಲ ಟ್ರ್ಯಾಕ್ಟರಿನ ಮೇಲೆ ಕೂತೇ ಹೇಳಿದರು. "ಅಕ್ಕಾರೆ, ಬಾಗಲಾ ತಗಸ್ತೀರೋ, ಇಲ್ಲೇ ರಸ್ತಾದಾಗ ಸುರಿಬೇಕೋ?"

"ಪಂಪಣ್ಣ, ಗೇಟ್ ತಗಿ" ಎಂದೆ.

"ದೊಡ್ಡ ಸಾಹೇಬ್ರು ಬ್ಯಾಡಂದಾರ್ರಿ ಅಕ್ಕಾರೆ. ನನ್ನ ಮ್ಯಾಲ ಬರ್ತೈತಿ."

"ನಿನ್ನ ಮ್ಯಾಲ ಬರೂದಿಲ್ಲ. ನಿನ್ನ ಪುಸ್ತಕ ಕೊಡಿಲ್ಲಿ." ಅವನ ಗೇಟ್ ಪುಸ್ತಕದಲ್ಲಿ ನಾನೇ ಬರೆದೆ: ದೇಶನೂರಿನ ಮಣ್ಣು, ನಮ್ಮದು, ವಾಪಸ್, ಗೇಟ್ ತೆಗೆಸಿದವಳು ಇಂದಿರಾ, ಲ್ಯಾಬ್. ಪಂಪಣ್ಣ ಓದಿ ನೋಡಿದ. ಕೀಲಿಯನ್ನು ತಾನು ತೆಗೆಯಲಿಲ್ಲ, ಗೊಂಚಲನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅದು ದೊಡ್ಡ ಗೇಟು, ಎರಡಾಳು ತಳ್ಳುವಂಥದ್ದು. ನಾನು ಒಂದು ಕಡೆಯಿಂದ ತಳ್ಳಿದೆ. ಇನ್ನೊಂದು ಕಡೆಗೆ ಕಿಲ್ನ್ ಬಿಟ್ಟು ಬಂದಿದ್ದ ಹುಸೇನ್ ಸಾಬ್ ಹೆಗಲು ಕೊಟ್ಟರು.

ಮೊದಲ ಟ್ರ್ಯಾಕ್ಟರ್ ಒಳಗೆ ಬರುತ್ತಿದ್ದಂತೆ ಗೇಟಿನ ಕೋಣೆಯ ಫೋನ್ ಹೊಡೆದುಕೊಂಡಿತು. ಪಂಪಣ್ಣ ನನ್ನ ಮುಖ ನೋಡಿದ. ಎತ್ತಿದೆ. ಶ್ರೀನಿವಾಸುಲು ಮೇಲಿನ ಕಿಟಕಿಯಿಂದ ನೋಡುತ್ತಿದ್ದರೆಂದು ಕಾಣುತ್ತದೆ.

"ಗೇಟ್ ಯಾರು ತಗಸಿದ್ರು?"

"ನಾನ್ರಿ ಸಾರ್."

"ಯಾರು ಕೊಟ್ಟಾರ ನಿಮಗ ಅಧಿಕಾರ?"

"ಈ ಮಣ್ಣು ಹೊರಗ ಕಳಿಸುವಾಗ ಕೊಟ್ಟಿದ್ರಲ್ರಿ" ಎಂದು ಫೋನ್ ಇಟ್ಟು, ಹೊರಗೆ ಬಂದು, ಎರಡನೇ ಟ್ರ್ಯಾಕ್ಟರಿನವನಿಗೆ ಬಾ ಎಂದು ಕೈಮಾಡಿದೆ.